ಬಳಸುವ ಮುನ್ನ ಓದಿ: ನಿಮ್ಮ ಹೊಸ ರೆಜಿಮೆಂಟ್

ನಮ್ಮ ರೆಜಿಮೆಂಟನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದಗಳು. ಇನ್ನು ಮುಂದೆ ತಾವು ನೆಪೋಲಿಯನ್ ಕಾಲದ ಬ್ರಿಟಿಷ್ ಪದಾತಿ ಸಿಪಾಯಿ. ಸಂಬಳ ಇರುವುದಿಲ್ಲ. ಆ ಕಾಲದ ನಿಜವಾದ ಸಿಪಾಯಿಗೆ ದಿನಕ್ಕೆ ಒಂದು ಶಿಲಿಂಗ್ ಇತ್ತು. ಊಟಕ್ಕೆ, ಬಟ್ಟೆಬರೆಗೆ ಎಂದು ಹಿಡಿದುಕೊಂಡು ಕೊನೆಗೆ ಅವನ ಕೈಗೆ ಬರುತ್ತಿದ್ದುದು ಚಿಲ್ಲರೆ. ತಮ್ಮ ವಿಷಯದಲ್ಲಿ ಆ ಲೆಕ್ಕದ ಗೋಜೇ ಇಲ್ಲ. ಕರೆಂಟ್ ಬಿಲ್ಲು, ಇಂಟರ್‌ನೆಟ್ ಬಿಲ್ಲು ಎರಡೂ ತಮ್ಮದೇ.

ಕಂಪ್ಯೂಟರ್ ಆಟ ಎಂದರೆ ಒಬ್ಬನೇ ಓಡಾಡಿಕೊಂಡು ಸಿಕ್ಕವರನ್ನೆಲ್ಲ ಉರುಳಿಸುವುದು ಎಂದುಕೊಂಡು ಬಂದಿದ್ದರೆ ಕೈಪಿಡಿಯನ್ನು ಇಲ್ಲಿಗೇ ಮುಚ್ಚಬಹುದು. ಇಲ್ಲಿ ಮಾಡಬೇಕಾದ ಮುಖ್ಯ ಕೆಲಸ ನಿಲ್ಲುವುದು. ಎಡಗಡೆಯವನ ಭುಜಕ್ಕೆ ಭುಜ ತಾಗಿಸಿ, ಬಲಗಡೆಯವನ ಭುಜಕ್ಕೆ ಭುಜ ತಾಗಿಸಿ, ಯಾರೋ ಹೇಳುವ ತನಕ ಗುಂಡು ಹಾರಿಸದೆ ನಿಲ್ಲುವುದು.

ಉತ್ಪನ್ನದ ಪರಿಚಯ

2012ರಲ್ಲಿ ‘ಮೌಂಟ್ ಅಂಡ್ ಬ್ಲೇಡ್: ವಾರ್‌ಬ್ಯಾಂಡ್’ ಎಂಬ ಆಟಕ್ಕೆ ‘ನೆಪೋಲಿಯಾನಿಕ್ ವಾರ್ಸ್’ ಎಂಬ ಬಾಲಂಗೋಚಿ ಬಂತು. ಮೂಲ ಆಟದಲ್ಲಿ ಕತ್ತಿ, ಗುರಾಣಿ, ಕುದುರೆ. ಬಾಲಂಗೋಚಿಯಲ್ಲಿ ಬಂದೂಕು, ತಮಟೆ, ಕೊಳಲು. ಒಂದೇ ಮೈದಾನದಲ್ಲಿ ಇನ್ನೂರು ಜನ ಕೂಡಿ ಆಡಬಹುದಿತ್ತು. ಅದರ ಜಾಡು ಹಿಡಿದು 2017ರಲ್ಲಿ ‘ಹೋಲ್ಡ್‌ಫಾಸ್ಟ್: ನೇಷನ್ಸ್ ಅಟ್ ವಾರ್’ ಅರ್ಧಂಬರ್ಧವಾಗಿ ಹೊರಬಂದು 2020ರಲ್ಲಿ ಪೂರ್ತಿಯಾಯಿತು. ಅಮೆರಿಕದ ಅಂತರ್ಯುದ್ಧವೇ ಬೇಕು ಎನ್ನುವವರಿಗೆ 1862ರ ಮೇರಿಲ್ಯಾಂಡಿನ ಹೊಲಗದ್ದೆಗಳಲ್ಲಿ ನಡೆಯುವ ‘ವಾರ್ ಆಫ್ ರೈಟ್ಸ್’ ಇದೆ.

ಸಾಲಿನಲ್ಲಿ ನಿಲ್ಲಿ ಎಂದು ಆಟ ಯಾರನ್ನೂ ಒತ್ತಾಯಿಸುವುದಿಲ್ಲ, ಇದನ್ನು ಗಮನಿಸಬೇಕು. ಯಾರು ಬೇಕಾದರೂ ಬರಬಹುದಾದ ಸರ್ವರ್‌ಗೆ ಹೋಗಿ ನೋಡಿ: ಒಬ್ಬ ಮರದ ಹಿಂದೆ, ಒಬ್ಬ ಮಾಳಿಗೆ ಮೇಲೆ, ಇನ್ನೊಬ್ಬ ಶತ್ರುವಿನ ಎದುರೇ ಕೊಳಲು ಊದುತ್ತಾ ನಿಂತಿರುತ್ತಾನೆ. ಕಾನೂನನ್ನೆಲ್ಲ ಬರೆದವರು ಆಡುವವರೇ. ‘ಲೈನ್ ಬ್ಯಾಟಲ್’ ಎಂದು ಹೆಸರಿಟ್ಟು, ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು, ಸಾಲು ಬಿಟ್ಟು ಗುಂಡು ಹಾರಿಸಬಾರದು, ಬಯೊನೆಟ್ ಹಿಡಿದು ನುಗ್ಗುವಾಗ ಗುಂಡು ಹಾರಿಸಬಾರದು, ಸಾಲಿನಲ್ಲಿ ಇಷ್ಟಕ್ಕಿಂತ ಹೆಚ್ಚು ಸಂದು ಬಿಡಬಾರದು ಎಂದು ತಮ್ಮ ಕೈಕಾಲನ್ನು ತಾವೇ ಕಟ್ಟಿಕೊಂಡವರು ಇವರು. ತಪ್ಪಿದವನನ್ನು ಸರ್ವರ್ ನೋಡಿಕೊಳ್ಳುವ ಅಡ್ಮಿನ್ ಒಂದೇ ಗುಂಡಿ ಒತ್ತಿ ಕೊಂದುಬಿಡುತ್ತಾನೆ. ಮೇಲ್ಮನವಿ ಇಲ್ಲ.

ಒಂದು ಗುಟ್ಟು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇವರು ನಕಲು ಮಾಡಲು ಹೊರಟದ್ದು ಯುದ್ಧವನ್ನು; ಕೈಗೆ ಬಂದದ್ದು ಹಾಜರಿ ಪುಸ್ತಕ. ನನ್ನನ್ನು ಕೇಳಿದರೆ, ಹಳೆಯ ರೆಜಿಮೆಂಟುಗಳ ಜೀವ ಇದ್ದದ್ದೂ ಅಲ್ಲೇ.

ಜೋಡಿಸುವ ವಿಧಾನ

ಮೊದಲು ಒಂದು ಸಂಖ್ಯೆ ಹಿಡಿಯಬೇಕು. ರೆಜಿಮೆಂಟನ್ನು ಹೊಸದಾಗಿ ಕಲ್ಪಿಸಿಕೊಳ್ಳುವಂತಿಲ್ಲ, ಇತಿಹಾಸದಲ್ಲಿ ಇದ್ದದ್ದೇ ಆಗಬೇಕು. 95ನೇ ರೈಫಲ್ಸ್ ಮೇಲೆ ಎಲ್ಲರಿಗೂ ಕಣ್ಣು. ಅವರದು ಹಸಿರು ಕೋಟು, ಚದುರಿ ನಿಂತು ಗುರಿಯಿಟ್ಟು ಹೊಡೆಯುವ ಸ್ವಾತಂತ್ರ್ಯ. ಹಾಗಾಗಿ ಒಂದೇ ಹೆಸರಿಗೆ ಇಬ್ಬರು ಕಿತ್ತಾಡುವುದು, ನಮ್ಮದೇ ಅಸಲಿ ಎಂದು ಸಾರುವುದು, ಇವೆಲ್ಲ ನಡೆಯುತ್ತಿರುತ್ತವೆ. ಈ ಕೈಪಿಡಿಯ ಮಾದರಿ 33ನೇ ಪದಾತಿ ರೆಜಿಮೆಂಟ್. ಕನ್ನಡದ ಬಳಕೆದಾರರು ಇದನ್ನು ತುಸು ಎಚ್ಚರದಿಂದ ತೊಡಬೇಕು. ಯಾಕೆಂದು ಮುಂದೆ ಹೇಳುತ್ತೇವೆ.

1702ರಲ್ಲಿ ಹುಟ್ಟಿದ ದಳ ಇದು, ನೆಲೆ ಯಾರ್ಕ್‌ಷೈರ್. ಸಾರ್ಜೆಂಟ್ ಕತ್ತಿಯ ತುದಿಗೆ ಓಟ್ಸ್ ರೊಟ್ಟಿ ಚುಚ್ಚಿಕೊಂಡು ಸಂತೆಗಳಲ್ಲಿ ತಿರುಗಿ, ಬನ್ನಿ, ಇಲ್ಲಿ ಹೊಟ್ಟೆ ತುಂಬುತ್ತದೆ ಎಂದು ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದ ಎಂಬುದು ಇವರ ಮನೆತನದ ಕತೆ. ಆ ರೊಟ್ಟಿಯ ಹೆಸರೇ ಇವರಿಗೆ ಅಡ್ಡಹೆಸರಾಯಿತು. ಈಗ ರೊಟ್ಟಿಯ ಕೆಲಸವನ್ನು ಕಾರ್ಪೊರಲ್‌ಗಳು ಮಾಡುತ್ತಾರೆ. ಸರ್ವರ್‌ನಲ್ಲಿ ಒಂಟಿಯಾಗಿ ಓಡಾಡುವ, ಕೈ ಸ್ವಲ್ಪ ಚುರುಕಾಗಿರುವ ಯಾರು ಕಂಡರೂ ಸರಿ, ಹತ್ತಿರ ಹೋಗಿ ‘ಯಾವುದಾದರೂ ರೆಜಿಮೆಂಟಿನಲ್ಲಿ ಇದ್ದೀರಾ?’ ಎಂದು ಮೃದುವಾಗಿ ವಿಚಾರಿಸುವುದು. ‘ಇಲ್ಲ’ ಎಂದಿರೋ, ಮರುಗಳಿಗೆಯಲ್ಲಿ ರೆಜಿಮೆಂಟಿನ ಮಾತುಕತೆ ನಡೆಯುವ ಡಿಸ್ಕಾರ್ಡ್‌ನ ಲಿಂಕ್ ಕೈಗೆ ಬಿದ್ದಿರುತ್ತದೆ. ಬೇರೆ ರೆಜಿಮೆಂಟಿನವನನ್ನು ಹೀಗೆ ಎಳೆದುಕೊಳ್ಳುವುದು ಮಾತ್ರ ಘೋರ ಅಪರಾಧ. ಎಲ್ಲರೂ ಮಾಡುತ್ತಾರೆ.

ಸೇರಿದ ಮೇಲೆ ಹೆಸರು ಬದಲಿಸಿಕೊಳ್ಳಿ. ಮೊದಲು 33, ಆಮೇಲೆ ದರ್ಜೆ, ಕೊನೆಗೆ ಉಳಿದ ಜಾಗದಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು. ಹಿಡಿಸದಿದ್ದರೆ ಅದನ್ನೇ ಕತ್ತರಿಸತಕ್ಕದ್ದು, ದರ್ಜೆಯನ್ನಲ್ಲ.

ಸಮಯದ ಹೊಂದಾಣಿಕೆ (ಭಾರತದ ಬಳಕೆದಾರರಿಗೆ ಮಾತ್ರ)

ಯುರೋಪಿನವರು ಕಾದಾಟ ಇಟ್ಟುಕೊಳ್ಳುವುದು ಅವರ ಸಂಜೆಗೆ. ಲಂಡನ್ನಿನ ರಾತ್ರಿ 8 ಗಂಟೆ ಎಂದರೆ ಬೇಸಿಗೆಯಲ್ಲಿ ನಮಗೆ 12.30, ಚಳಿಗಾಲಕ್ಕೆ ಅವರು ಗಡಿಯಾರ ಹಿಂದಿಟ್ಟ ಮೇಲೆ 1.30. ಮನೆಮಂದಿ ಮಲಗಿರುವ ಆ ಹೊತ್ತಿನಲ್ಲಿ ಕೋಣೆಯಿಂದ ‘ಯೆಸ್ ಸಾರ್ಜೆಂಟ್’ ಎಂದು ಪಿಸುಗುಟ್ಟಿದರೆ ಹೊರಗಿನವರಿಗೆ ಹೇಗೆ ಕೇಳಿಸುತ್ತದೆ ಎಂಬುದನ್ನು ಮೊದಲೇ ಯೋಚಿಸಿರಬೇಕು.

‘ಯಾರ ಹತ್ರ ಮಾತಾಡ್ತಿದ್ದೀಯೋ ಈ ಹೊತ್ತಲ್ಲಿ?’

‘ಸಾರ್ಜೆಂಟ್ ಹತ್ರ ಅಮ್ಮ. ಐದು ನಿಮಿಷ.’

‘ಸಾರ್ಜೆಂಟಾ? ಅಯ್ಯೋ, ಏನ್ ಮಾಡ್ಕೊಂಡ್ಯೋ? ರೀ, ಏಳ್ರೀ ಸ್ವಲ್ಪ!’

ಇಂಥ ಸಂದರ್ಭದಲ್ಲಿ ಮೈಕ್ ಬಂದ್ ಮಾಡುವ ಗುಂಡಿ ಎಲ್ಲಿದೆ ಎಂದು ಹುಡುಕುತ್ತಾ ಕೂರಬಾರದು. ತಂದೆಯವರು ಎದ್ದು ಬರುವಷ್ಟರಲ್ಲಿ ಇಡೀ ರೆಜಿಮೆಂಟಿಗೆ ಕನ್ನಡದ ಒಂದೆರಡು ಪದಗಳು ಬಂದುಬಿಟ್ಟಿರುತ್ತವೆ, ಅವೂ ಒಳ್ಳೆಯವಲ್ಲ.

ಕವಾಯತು

1788ರಲ್ಲಿ ಡೇವಿಡ್ ಡಂಡಾಸ್ ಎಂಬ ಸೇನಾಧಿಕಾರಿ ಪ್ರಷ್ಯನ್ನರ ಕವಾಯತು ನೋಡಿ ಮರುಳಾಗಿ ದಪ್ಪದೊಂದು ಪುಸ್ತಕ ಬರೆದ. 1792ರಲ್ಲಿ ಅದೇ ಬ್ರಿಟಿಷ್ ಸೇನೆಯ ಅಧಿಕೃತ ನಿಯಮಾವಳಿಗೆ ಆಧಾರವಾಯಿತು. ಒಟ್ಟು 18 ಚಲನೆಗಳು: ಅಡ್ಡಸಾಲು ಉದ್ದಸಾಲಾಗುವುದು, ಉದ್ದಸಾಲು ಅಡ್ಡಸಾಲಾಗುವುದು, ತಿರುಗುವುದು, ಹಿಂದೆ ಸರಿಯುವುದು. ಎಲ್ಲವೂ ಯಾರಾದರೊಬ್ಬ ಗೂಟದ ಹಾಗೆ ನಿಂತು ಉಳಿದವರು ಅವನ ಸುತ್ತ ತಿರುಗುವುದರ ಮೇಲೆ ನಿಂತಿದ್ದರಿಂದ ಸೈನ್ಯದವರು ಡಂಡಾಸನಿಗೆ ‘ಓಲ್ಡ್ ಪಿವಟ್’ ಎಂದೇ ಹೆಸರಿಟ್ಟರು.

ಇಷ್ಟೆಲ್ಲ ಸರ್ಕಸ್ಸಿಗೆ ಕಾರಣವೂ ಇತ್ತು. ಬ್ರೌನ್ ಬೆಸ್ ಬಂದೂಕಿನ ನಳಿಗೆಯ ಒಳಗೋಡೆ ನುಣ್ಣಗಿರುತ್ತದೆ, ಗುಂಡು ತಿರುಗುತ್ತಾ ನೇರ ಹೋಗುವುದಿಲ್ಲ, ಒಳಗೇ ಅತ್ತಿತ್ತ ಬಡಿದುಕೊಂಡು ಹೊರಬಂದು ತನಗೆ ತೋಚಿದ ಕಡೆ ಹೋಗುತ್ತದೆ. ನೂರು ಗಜದಾಚೆ ಒಬ್ಬನಿಗೆ ಗುರಿಯಿಟ್ಟು ಹೊಡೆದರೆ ಬೀಳುವುದೂ ಬಿಡುವುದೂ ಅವನವನ ಹಣೆಬರಹ. ಐನೂರು ಜನ ಒಟ್ಟಿಗೇ ಹೊಡೆದರೆ ಯಾರಿಗಾದರೂ ಬಿದ್ದೇ ಬೀಳುತ್ತದೆ. ಅದಕ್ಕೇ ಸಾಲು. ಫ್ರೆಂಚರು ಮೂರು ಸಾಲು ಕಟ್ಟಿದರೆ ಬ್ರಿಟಿಷರು ಎರಡೇ ಸಾಲು ಕಟ್ಟಿ ಎಲ್ಲ ಬಂದೂಕುಗಳೂ ಮುಂದಕ್ಕೆ ಬರುವಂತೆ ಮಾಡಿಕೊಂಡರು. ಒಳ್ಳೆಯ ತರಬೇತಿ ಆದವನು ನಿಮಿಷಕ್ಕೆ ಮೂರು ಸಲ ಹಾರಿಸುತ್ತಿದ್ದ: ಕಾಗದದ ಕೊಳವೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ಬಂದೂಕಿನ ಕಿವಿಯಲ್ಲಿ ಚಿಟಿಕೆ ಮದ್ದು ಹಾಕಿ, ಮಿಕ್ಕದ್ದನ್ನು ನಳಿಗೆಗೆ ಸುರಿದು, ಗುಂಡು ಬಿಟ್ಟು, ಸಲಾಕೆಯಿಂದ ಇಡಿದು, ಸಲಾಕೆಯನ್ನು ಮರೆಯದೆ ಹೊರಗೆಳೆದು. ಬಾಯಿತುಂಬ ಮದ್ದಿನ ಉಪ್ಪು, ಅದಕ್ಕೆ ತೀರದ ದಾಹ. ತಾವು ಒಂದು ಕೀಲಿ ಒತ್ತಿದರಾಯಿತು. ದಾಹವಾದರೆ ಪಕ್ಕದಲ್ಲೇ ಕಾಫಿ.

ಆದರೂ ತಿರುಗುವ ಕೆಲಸ ಮಾತ್ರ ಅವತ್ತಿನಷ್ಟೇ ಕಷ್ಟ. ಒಳತುದಿಯವನು ನಿಂತಲ್ಲೇ ಹೆಜ್ಜೆ ಹಾಕಬೇಕು, ಹೊರತುದಿಯವನು ಓಡಬೇಕು, ನಡುವಿನವರು ಎರಡೂ ಕಡೆ ನೋಡಿಕೊಳ್ಳಬೇಕು. ಕೀಬೋರ್ಡಿನಲ್ಲಿ ಇರುವುದು ನಡೆಯುವುದು ಮತ್ತು ಓಡುವುದು, ಎರಡೇ. ಹಾಗಾಗಿ ಕರ್ನಲ್ ‘ಎಡಕ್ಕೆ ತಿರುಗಿ’ ಎಂದ ಕೂಡಲೇ ಸಾಲು ಮೊದಲು ಕಮಾನಾಗುತ್ತದೆ, ಆಮೇಲೆ ಹಾವಾಗುತ್ತದೆ, ಕೊನೆಗೆ ಗುಂಪಾಗುತ್ತದೆ. ಹೊಸಬನೊಬ್ಬ ಶತ್ರುಗಳ ಕಡೆ ಹೋಗಿಬಿಟ್ಟಿರುತ್ತಾನೆ. ಬುಧವಾರದ ಅಭ್ಯಾಸಗಳನ್ನೆಲ್ಲ ನುಂಗುವುದು ಇದೊಂದೇ.

ಚಾಲನೆ

ಸಾಲು ನಿಂತಿದೆ. ಎದುರಿನ ದಿಬ್ಬದ ಮೇಲೆ ನೀಲಿ ಕೋಟುಗಳು ಒಂದೊಂದಾಗಿ ಏಳುತ್ತಿವೆ. ಯಾರದೋ ಮೈಕಿನಲ್ಲಿ ಫ್ಯಾನು ಗುಂಯ್‌ಗುಡುತ್ತಿದೆ, ಇನ್ಯಾರೋ ಚಿಪ್ಸ್ ಪೊಟ್ಟಣ ಬಿಚ್ಚುತ್ತಿದ್ದಾರೆ. ತಮಟೆಯವನಿಗೆ ಉತ್ಸಾಹ ಜಾಸ್ತಿ. ನಿಲ್ಲಿಸು ಎಂದರೂ ಕೇಳಿಸುತ್ತಿಲ್ಲ. ‘ಮೇಕ್ ರೆಡಿ’ ಎಂದು ಕೂಗುವ ಕರ್ನಲ್ಲಿನ ದನಿ ಮೊದಲ ಪದದಲ್ಲಿ ಗಂಡಸಿನದು, ಎರಡನೆಯದರಲ್ಲಿ ಇನ್ನೂ ಒಡೆಯುತ್ತಿರುವ ಹುಡುಗನದು. ಬಂದೂಕುಗಳು ಮೇಲೇಳುತ್ತವೆ. ‘ಪ್ರೆಸೆಂಟ್.’ ಗುರಿ ಹಿಡಿಯುತ್ತೀರಿ. ಎದುರಿನವರೂ ಹಿಡಿದಿದ್ದಾರೆ.

ಈಗ ಹೊಡೆಯುವಂತಿಲ್ಲ. ಸಮಾರಾಧನೆಯ ಪಂಕ್ತಿಯಲ್ಲಿ ಎಲೆಗೆ ಪಾಯಸ ಬಿದ್ದು ಪಕ್ಕದ ಅನ್ನಕ್ಕೆ ಹರಿಯುತ್ತಿದ್ದರೂ ಹಿರಿಯರ ಆಪೋಶನ ಮುಗಿಯುವ ತನಕ ಕೈ ಕಟ್ಟಿ ಕೂತಿರುತ್ತೀರಲ್ಲ, ಅದೇ ನಿಗ್ರಹ ಇಲ್ಲಿ ಬೇಕು. ಈ ಎರಡು ಮೂರು ಸೆಕೆಂಡುಗಳೇ ಇಡೀ ಉತ್ಪನ್ನದ ಸಾರ. ಮೂವತ್ತು ಜನರ ಮೂವತ್ತು ಬೆರಳುಗಳು, ಬೇರೆ ಬೇರೆ ದೇಶಗಳಲ್ಲಿ, ಒಂದು ಗುಂಡಿಯನ್ನು ಒತ್ತದೆ ಹಿಡಿದುಕೊಂಡಿರುತ್ತವೆ. ಇದರ ಸುಖ ಒಮ್ಮೆ ಹತ್ತಿದರೆ ಗೆಲುವು ಸೋಲು ಎರಡೂ ಸಪ್ಪೆ.

ಢಂ.

ಒಂದೇ ಒಂದು. ಸಾಲಿನ ಎಡಭಾಗದಲ್ಲಿ.

‘ಯಾರದು?’

ಯಾರೂ ಮಾತಾಡುವುದಿಲ್ಲ. ಮಾತಾಡುವ ಅಗತ್ಯವೂ ಇಲ್ಲ. ಆರನೆಯವನ ಮೂತಿಯ ಮುಂದೆ ಬಿಳಿ ಹೊಗೆಯ ಮುದ್ದೆಯೊಂದು ಕದಲದೆ ನಿಂತಿದೆ. ಗಾಬರಿಯಲ್ಲಿ ಅವನು ಬಂದೂಕು ತುಂಬಲು ಶುರುಮಾಡುತ್ತಾನೆ, ಅದರಿಂದ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಎದುರಿನವರು ಹೊಡೆದಾಯಿತು. ತಮ್ಮ ಅಕ್ಕಪಕ್ಕ ಇಬ್ಬರೂ ಇಲ್ಲ. ‘ಕೂಡಿಕೊಳ್ಳಿ, ಕೂಡಿಕೊಳ್ಳಿ’ ಎಂದು ಸಾರ್ಜೆಂಟ್ ಅರಚುತ್ತಿದ್ದಾನೆ.

ಸತ್ತವರು ಆ ಸುತ್ತು ಮುಗಿಯುವ ತನಕ ಮತ್ತೆ ಏಳುವಂತಿಲ್ಲ, ಸುಮ್ಮನೆ ನೋಡುತ್ತಾ ಕೂರಬೇಕು. ಸತ್ತವರು ಮಾತಾಡಬಾರದು ಎಂಬುದು ಹೆಚ್ಚುಕಮ್ಮಿ ಎಲ್ಲ ರೆಜಿಮೆಂಟುಗಳಲ್ಲೂ ಇರುವ ನಿಯಮ. ಅತಿ ಹೆಚ್ಚು ಮುರಿಯುವುದೂ ಅದನ್ನೇ. ಬದುಕಿರುವವರು ಹೇಗೆ ಹೊಡೆಯಬೇಕು ಎಂಬುದು ಸತ್ತವರಿಗೇ ಚೆನ್ನಾಗಿ ತಿಳಿದಿರುತ್ತದೆ.

ಬಡ್ತಿ

1793ರಲ್ಲಿ 24 ವರ್ಷದ ಆರ್ಥರ್ ವೆಲ್ಲೆಸ್ಲಿ ಅಣ್ಣನ ಹತ್ತಿರ ಸಾಲ ಮಾಡಿ ಇದೇ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಹುದ್ದೆಯನ್ನು ಕೊಂಡುಕೊಂಡ. ಕಳ್ಳ ವ್ಯವಹಾರವಲ್ಲ, ಹುದ್ದೆಗಳಿಗೆ ಸರ್ಕಾರವೇ ದರ ಗೊತ್ತುಮಾಡಿತ್ತು. 1871ರವರೆಗೂ ಹಾಗೇ ನಡೆಯಿತು. ನಮ್ಮಲ್ಲಿ ಹುದ್ದೆಗೆ ಬೆಲೆ ಹಾಜರಿ. ಇಷ್ಟು ಕಾದಾಟಗಳಿಗೆ ಬಂದರೆ ಲ್ಯಾನ್ಸ್ ಕಾರ್ಪೊರಲ್, ಇನ್ನಷ್ಟಕ್ಕೆ ಕಾರ್ಪೊರಲ್, ಇಷ್ಟು ಜನರನ್ನು ಕರೆತಂದರೆ ಸಾರ್ಜೆಂಟ್. ಎಲ್ಲವೂ ಒಂದು ದೊಡ್ಡ ಎಕ್ಸೆಲ್ ಹಾಳೆಯಲ್ಲಿ ಇದೆ. ಹಸಿರು ಮನೆ ಎಂದರೆ ಬಂದ, ಕೆಂಪು ಎಂದರೆ ಬರಲಿಲ್ಲ, ಹಳದಿ ಎಂದರೆ ಹೇಳಿಕಳಿಸಿದ. ಹಾಳೆಯನ್ನು ನೋಡಿಕೊಳ್ಳುವ ಅಡ್ಜುಟೆಂಟ್‌ನನ್ನು ಎದುರು ಹಾಕಿಕೊಳ್ಳಬೇಡಿ; ಕರ್ನಲ್ ಬೈದರೂ ನಡೆದೀತು.

ನಿಜವಾದ ಬೆಟಾಲಿಯನ್ನಿನಲ್ಲಿ ಹತ್ತು ಕಂಪನಿಗಳು, ಕಾಗದದ ಮೇಲಾದರೂ ಸಾವಿರದಷ್ಟು ಜನ, ಅವರ ಮೇಲೆ ಒಬ್ಬ ಲೆಫ್ಟಿನೆಂಟ್ ಕರ್ನಲ್. ನಮ್ಮಲ್ಲಿ ಇಪ್ಪತ್ತೈದು ಮೂವತ್ತು ಜನಕ್ಕೆ ಒಬ್ಬ ಕರ್ನಲ್, ಒಬ್ಬ ಲೆಫ್ಟಿನೆಂಟ್ ಕರ್ನಲ್, ಒಬ್ಬ ಮೇಜರ್, ಕ್ಯಾಪ್ಟನ್‌ಗಳು, ಒಬ್ಬ ಬಾವುಟದವನು, ಇನ್ನು ಸಾರ್ಜೆಂಟ್‌ಗಳನ್ನು ಎಣಿಸುವುದು ಬೇಡ. ಪ್ರೈವೇಟ್ ಸಿಕ್ಕರೆ ಜೋಪಾನ ಮಾಡಿ.

ಎಚ್ಚರಿಕೆ

ಈ ಕೋಟಿನ ಮೇಲೆ ‘ಸೆರಿಂಗಪಟಮ್’ ಎಂದು ಬರೆದಿದೆ. ಕಾಣುವಂತೆ ಬರೆದಿಲ್ಲ, ರೆಜಿಮೆಂಟಿನ ಯುದ್ಧಗೌರವಗಳ ಪಟ್ಟಿಯಲ್ಲಿದೆ. ಅದೇ ವೆಲ್ಲೆಸ್ಲಿ ಇದೇ 33ನ್ನು ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೆ ಬಂದಿದ್ದ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿ ಕತ್ತಲಲ್ಲಿ ದಿಕ್ಕು ತಪ್ಪಿದ. ಮರಗಳ ನಡುವೆ ಕಾಲುವೆ, ಎಲ್ಲಿಂದಲೋ ಬಂದೂಕು, ನೆತ್ತಿಯ ಮೇಲೆ ಮೈಸೂರಿನ ರಾಕೆಟ್ಟು. ಸಾಲು ಚೆಲ್ಲಾಪಿಲ್ಲಿಯಾಗಿ ಹನ್ನೆರಡು ಮಂದಿ ಸೆರೆಸಿಕ್ಕರು. ಅವರನ್ನು ಆಮೇಲೆ ಕೊಲ್ಲಲಾಯಿತು. ವೆಲ್ಲೆಸ್ಲಿಯ ಮೊಣಕಾಲಿಗೆ ಪೆಟ್ಟು ಬಿತ್ತು. ಮರುದಿನ ಹಗಲಿನಲ್ಲಿ ಇನ್ನೂ ದೊಡ್ಡ ಪಡೆ ಕಟ್ಟಿಕೊಂಡು ಹೋಗಿ ತೋಪು ಹಿಡಿದ. ಹಗಲಲ್ಲಿ ನೋಡಿರದ ಜಾಗಕ್ಕೆ ರಾತ್ರಿ ನುಗ್ಗುವುದಿಲ್ಲ ಎಂದು ಅವತ್ತೇ ನಿಶ್ಚಯಿಸಿಕೊಂಡ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ.

ಹಾಗಾಗಿ ಮಂಡ್ಯದಲ್ಲಿ ಕೂತು, ರಾತ್ರಿ ಒಂದೂವರೆಗೆ, ಆ ತೋಪಿನಲ್ಲಿ ದಾರಿ ತಪ್ಪಿದವರ ಹೆಸರಿನಲ್ಲಿ ತಾವು ಹಾಜರಿ ಹಾಕಬೇಕಾಗುತ್ತದೆ. ಮುಜುಗರ ಆದೀತು, ಆಗಬೇಕಾದದ್ದೇ. ಬದಲಿಗೆ ಮೈಸೂರಿನ ಕಡೆ ಆಡುತ್ತೇನೆ ಎಂದರೆ ಜಾಗವಿಲ್ಲ: ಬ್ರಿಟನ್, ಫ್ರಾನ್ಸ್, ಪ್ರಷ್ಯಾ, ರಷ್ಯಾ, ಆಸ್ಟ್ರಿಯಾ ಎಲ್ಲ ಇವೆ, ಮೈಸೂರು ಇಲ್ಲ. ಮೈಸೂರಿನ ರಾಕೆಟ್ಟುಗಳನ್ನು ನೋಡಿಯೇ ಬ್ರಿಟಿಷರು ಕಾಂಗ್ರೀವ್ ರಾಕೆಟ್ ಮಾಡಿಕೊಂಡರು. ‘ಹೋಲ್ಡ್‌ಫಾಸ್ಟ್’ನಲ್ಲಿ ರಾಕೆಟ್ ಇದೆ, ಅದನ್ನು ಹಾರಿಸಿ ತೋರಿಸಿದವರು ಇಲ್ಲ. ಟಿಪ್ಪುವಿನ ಪಡೆಯಲ್ಲೂ ಕುಶೂನುಗಳೆಂಬ ದಳಗಳಿದ್ದವು, ಅವುಗಳ ಕವಾಯತಿಗೆ ಫಾರ್ಸಿಯಲ್ಲಿ ‘ಫತ್‌ಹುಲ್ ಮುಜಾಹಿದೀನ್’ ಎಂಬ ಕೈಪಿಡಿಯೇ ಇತ್ತು. ಡಂಡಾಸನನ್ನು ಅರೆದು ಕುಡಿದಿರುವ ಈ ಹುಡುಗರ ಕೈಗೆ ಯಾರಾದರೂ ಅದರ ಅನುವಾದ ಕೊಟ್ಟರೆ ಮರುದಿನವೇ ಒಂದು ಕುಶೂನು ಎದ್ದು ನಿಲ್ಲುತ್ತದೆ, ಅದರಲ್ಲಿ ಅರ್ಧ ಜನ ಪೋಲೆಂಡಿನವರು ಇರುತ್ತಾರೆ ಎಂಬುದು ನಮ್ಮ ಅಂದಾಜು.

ಪೆಟ್ಟಿಗೆಯಲ್ಲಿ ಸೇರಿಸಿಲ್ಲದವು

ಛಡಿ ಏಟು. ಒದ್ದೆ ಮದ್ದು. ಕಾಲಿನ ಗುಳ್ಳೆ. ಜ್ವರ.

ಕೊನೆಯದರ ಬಗ್ಗೆ ಒಂದು ಮಾತು. 1809ರಲ್ಲಿ ನೆದರ್ಲೆಂಡ್ಸಿನ ವಾಲ್ಖರೆನ್ ದ್ವೀಪಕ್ಕೆ ಹೋದ ಬ್ರಿಟಿಷ್ ಪಡೆಯಲ್ಲಿ ಕಾದಾಡಿ ಸತ್ತವರು ನೂರು ಚಿಲ್ಲರೆ, ಜ್ವರದಿಂದ ಸತ್ತವರು ನಾಲ್ಕು ಸಾವಿರದಷ್ಟು. ಅದೇ ವರ್ಷ ಶ್ರೀರಂಗಪಟ್ಟಣದ ಸೊಳ್ಳೆ ಮತ್ತು ಮಲೇರಿಯಾ ತಾಳಲಾರದೆ ಬ್ರಿಟಿಷರು ದಂಡನ್ನು ಬೆಂಗಳೂರಿಗೆ ಎತ್ತಿಕೊಂಡು ಬಂದರು. ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಕೋಟೆ ಗೆದ್ದವರನ್ನು ಸೊಳ್ಳೆ ಓಡಿಸಿತು. ‘ಹೋಲ್ಡ್‌ಫಾಸ್ಟ್’ನಲ್ಲಿ ಇರುವ ಶಸ್ತ್ರವೈದ್ಯ ಹತ್ತಿರ ಬಂದು ಪಟ್ಟಿ ಕಟ್ಟಿದರೆ ಗುಂಡೇಟು ವಾಸಿ. ಆ ಕಾಲದ ಶಸ್ತ್ರವೈದ್ಯ ಹತ್ತಿರ ಬಂದರೆ ಗರಗಸ ಎಲ್ಲಿದೆ ಎಂದು ಮೊದಲು ನೋಡುತ್ತಿದ್ದರು.

ದೋಷ ಪತ್ತೆ

ದನಿ ಒಡೆಯುತ್ತಿದೆ: ನೆಟ್‌ವರ್ಕ್ ಇರಬಹುದು, ಕರ್ನಲ್ಲಿನ ವಯಸ್ಸೂ ಇರಬಹುದು.

ಎಲ್ಲರೂ ಎಲ್ಲ ದಿಕ್ಕಿಗೂ ಓಡುತ್ತಿದ್ದಾರೆ: ಅಡ್ಮಿನ್ ‘ಆಲ್ ಚಾರ್ಜ್’ ಕೊಟ್ಟಿರಬೇಕು. ಗೊತ್ತುಮಾಡಿದ ಸಮಯ ಮೀರಿದರೆ ಸಾಲಿನ ನಿಯಮಗಳೆಲ್ಲ ರದ್ದು, ಬಯೊನೆಟ್ ಹಿಡಿದು ನುಗ್ಗುವುದು. ತಾವೂ ಓಡಿ.

ರೆಜಿಮೆಂಟ್ ಒಡೆದಿದೆ: ಗಾಬರಿ ಬೇಡ. ಸಾಮಾನ್ಯವಾಗಿ ಮೇಜರ್ ಸಿಟ್ಟು ಮಾಡಿಕೊಂಡು ಅರ್ಧ ಜನರನ್ನು ಕರೆದುಕೊಂಡು ಹೋಗಿ ಬೇರೆ ಸಂಖ್ಯೆ ಹಿಡಿದಿರುತ್ತಾನೆ. ಬಿಟ್ಟವರೂ ಉಳಿದವರೂ ಒಂದು ತಿಂಗಳು ಮುಖ ನೋಡುವುದಿಲ್ಲ, ಆಮೇಲೆ ಎರಡೂ ಕಡೆ ಜನ ಸಾಲದೆ ಒಂದಾಗುತ್ತಾರೆ. ಅಸಲಿ ರೆಜಿಮೆಂಟುಗಳ ಪಾಡೂ ಇದೇ: 33ನ್ನು 1881ರಲ್ಲಿ 76ರ ಜೊತೆ ಸೇರಿಸಿದರು, 2006ರಲ್ಲಿ ಅದನ್ನೂ ಇನ್ನೆರಡರ ಜೊತೆ ಕೂಡಿಸಿ ಯಾರ್ಕ್‌ಷೈರ್ ರೆಜಿಮೆಂಟ್ ಮಾಡಿದರು. ಅಲ್ಲಿ ಸರ್ಕಾರದ ಖರ್ಚು ಉಳಿತಾಯ, ಇಲ್ಲಿ ಪರೀಕ್ಷೆಗಳ ಕಾಲ.

ರಜಾ ಅರ್ಜಿ (ಕತ್ತರಿಸಿ ಬಳಸಿಕೊಳ್ಳಿ)

ಇಂದ: ಪ್ರೈವೇಟ್ ..............., ಹಿಂದಿನ ಸಾಲು, ಎಡದಿಂದ ನಾಲ್ಕನೆಯವನು.

ಇವರಿಗೆ: ಮಾನ್ಯ ಕರ್ನಲ್ ಸಾಹೇಬರು, 33ನೇ ಪದಾತಿ ರೆಜಿಮೆಂಟ್.

ವಿಷಯ: ಒಂದು ರಾತ್ರಿಯ ರಜೆ ಕೋರಿ.

ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಬರುವ ಭಾನುವಾರ ಮುಂಜಾನೆ ನಮ್ಮ ಚಿಕ್ಕಪ್ಪನ ಮಗಳ ಮದುವೆ ಇದ್ದು, ಮುಹೂರ್ತ ಆರು ಗಂಟೆಗಿರುವುದರಿಂದ, ಶನಿವಾರ ರಾತ್ರಿ ಫ್ರೆಂಚರ ಮೇಲಿನ ಕಾದಾಟಕ್ಕೆ ಹಾಜರಾಗಲು ಸಾಧ್ಯವಾಗುತ್ತಿಲ್ಲ. ಛತ್ರದಲ್ಲಿ ವೈಫೈ ಸಿಕ್ಕಲ್ಲಿ ಎರಡನೇ ಸುತ್ತಿಗಾದರೂ ಬರಲು ಪ್ರಯತ್ನಿಸುತ್ತೇನೆ. ಆದ್ದರಿಂದ ದಯಮಾಡಿ ನನ್ನ ಹೆಸರಿನ ಮುಂದೆ ಕೆಂಪು ಹಾಕಿಸದೆ ಹಳದಿ ಹಾಕಿಸಬೇಕಾಗಿ ಕೋರುತ್ತೇನೆ. ಇಂತಿ ತಮ್ಮ ವಿಧೇಯ.

ಉತ್ತರವಾಗಿ ಹೆಬ್ಬೆರಳಿನ ಚಿತ್ರ ಬಂದರೆ ರಜೆ ಮಂಜೂರು. ಮೂರು ದಿನ ಕಳೆದರೂ ಉತ್ತರ ಬರದಿದ್ದರೆ ಕರ್ನಲ್ಲಿಗೆ ಗಣಿತದ ಪರೀಕ್ಷೆ ಇದೆ ಎಂದು ತಿಳಿದು ಅಡ್ಜುಟೆಂಟ್‌ಗೆ ಇನ್ನೊಂದು ಪ್ರತಿ ಕಳಿಸುವುದು.